ಪದಚರ್ಚೆ: ಭೂಮಿ ‘ಹೆಚ್ಚುಕಡಿಮೆ’ ಕಾಯುತ್ತದೆಯೇ?

ಗೆಳೆಯರೇ,

ಮಕ್ಕಳ ವಿಜ್ಞಾನ ಪಾಠವೊಂದರ ಕರಡು ತಿದ್ದುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ಸಾಲು ಹೀಗಿದೆ: ‘ಭೂಮಿಯ ಅಸಮಾನ ಉಷ್ಣೀಕರಣದಿಂದಾಗಿ ಹವಾಮಾನ ಮತ್ತು ಹವಾಮಾನ ರೂಪುಗೊಳ್ಳುತ್ತವೆ.’

ಅಚ್ಚಿನ ತಪ್ಪಲ್ಲ ಇದು. ವೆದರ್‌ಗೂ ಕ್ಲೈಮೇಟ್‌ಗೂ ಒಂದೇ ಪದ ಹಾಕಿದ್ದಾರೆ. ನಗು ಬಂತು, ಆದರೆ ಬರೆದವರನ್ನು ಬೈಯುವ ಹಾಗಿಲ್ಲ. ‘ಹವಾಮಾನ ವರದಿ’ ಅಂತಲೂ ನಾವೇ ಬರೆಯುತ್ತೇವೆ, ‘ಹವಾಮಾನ ಬದಲಾವಣೆ’ ಅಂತಲೂ ನಾವೇ ಬರೆಯುತ್ತೇವೆ. ಮೊದಲನೆಯದು ನಾಳೆ ಮಳೆ ಬರುತ್ತದಾ ಅನ್ನುವ ವಿಚಾರ. ಎರಡನೆಯದು ಹತ್ತಾರು ವರ್ಷಗಳದ್ದು. ವಿಶ್ವ ಹವಾಮಾನ ಸಂಸ್ಥೆ ಇದಕ್ಕೆ 30 ವರ್ಷಗಳ ಸರಾಸರಿ ಹಿಡಿಯುತ್ತದೆ, 1991ರಿಂದ 2020 ಅನ್ನುವ ಹಾಗೆ.

ಎರಡನೆಯದಕ್ಕೆ ‘ವಾಯುಗುಣ’ ನನಗೆ ಇಷ್ಟ. ಮಾನ ಅಂದರೆ ಅಳತೆ, ಗುಣ ಅಂದರೆ ಸ್ವಭಾವ. ಇವತ್ತಿನ ಅಳತೆ ನಾಳೆ ಇರುವುದಿಲ್ಲ, ಸ್ವಭಾವ ಹಾಗೆ ದಿನಕ್ಕೊಂದು ಆಗುವುದಿಲ್ಲ. ಈ ‘ಮಾನ’ ಇನ್ನೊಂದು ಕಡೆಯೂ ಕಾಟ ಕೊಡುತ್ತದೆ. ಭೂಮಿ ಬಿಸಿಯಾಗುತ್ತಿರುವುದಕ್ಕೆ ‘ಜಾಗತಿಕ ತಾಪಮಾನ’ ಅಂತ ಬರೆದುಬಿಡುತ್ತಾರೆ. ತಾಪಮಾನ ಯಾವಾಗಲೂ ಇದ್ದೇ ಇದೆಯಲ್ಲ, ಅದು ಏರುತ್ತಿರುವುದು ತಾನೇ ಸುದ್ದಿ?

ಆದರೆ ನನ್ನ ತೊಡಕು ಜಾಸ್ತಿ ಇರುವುದು ‘ಅಸಮಾನ ಉಷ್ಣೀಕರಣ’ದಲ್ಲಿ. ಅಸಮಾನ ಅಂದ ಕೂಡಲೇ ಬಡವ-ಬಲ್ಲಿದರ ಮಾತು ಕೇಳಿದ ಹಾಗಾಗುತ್ತದೆ, ಯಾರಿಗೋ ಅನ್ಯಾಯವಾದ ಹಾಗೆ. ಸುಮ್ನೆ ‘ಭೂಮಿ ಒಂದೇ ಸಮನೆ ಕಾಯುವುದಿಲ್ಲ’ ಅಂತ ಬರೆದು ನೋಡಿದೆ. ಬಿಟ್ಟು ಬಿಟ್ಟು ಕಾಯುತ್ತದೆ ಅನ್ನುವ ಅರ್ಥ ಬಂತು! ‘ಒಂದೇ ಸಮನೆ ಮಳೆ’ ಅನ್ನುತ್ತೇವಲ್ಲ, ಅದೇ ಕಷ್ಟ. ‘ಭೂಮಿ ಹೆಚ್ಚುಕಡಿಮೆ ಕಾಯುತ್ತದೆ’ ಅಂದರೆ ಇನ್ನೂ ಕೆಟ್ಟಿತು, ಪೂರ್ತಿ ಕಾದಿಲ್ಲ, ಇನ್ನೇನು ಕಾದೀತು ಅಂದ ಹಾಗೆ. ‘ಏರುಪೇರು’ ಹಾಕಿದರೆ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. ಎಡವಟ್ಟೇನೂ ಇಲ್ಲ, ಭೂಮಿ ಗುಂಡಗಿದೆ ಅಷ್ಟೆ.

ಪದ ಬಿಟ್ಟು ಸಂಗತಿಯನ್ನೇ ಒಮ್ಮೆ ನೋಡೋಣ ಅಂತ ಕೂತೆ. ಮಾರ್ಚ್ 20ರ ಸುಮಾರು, ಹಗಲು ರಾತ್ರಿ ಸಮ ಇರುವ ದಿನ, ನಡುಮಧ್ಯಾಹ್ನ. ಸಮಭಾಜಕ ವೃತ್ತದ ಮೇಲೆ ಸೂರ್ಯ ನೆತ್ತಿಗೇ ಬಂದಿರುತ್ತಾನೆ. ಒಂದು ಮೀಟರ್ ಅಗಲದ ಬಿಸಿಲಿನ ಪಟ್ಟಿ ನೆಲದ ಮೇಲೂ ಒಂದೇ ಮೀಟರ್. ಅದೇ ಪಟ್ಟಿ 60 ಡಿಗ್ರಿ ಅಕ್ಷಾಂಶದಲ್ಲಿ ಓರೆಯಾಗಿ ಬಿದ್ದು ಎರಡು ಮೀಟರ್‌ಗೆ ಹರಡಿಕೊಳ್ಳುತ್ತದೆ. ಬಿಸಿಲು ಅಷ್ಟೇ, ಹಂಚಿಕೊಳ್ಳುವ ನೆಲ ಎರಡರಷ್ಟು. ಚಳಿಗಾಲ ಬೇಸಿಗೆಗಳಿಗೂ ಈ ಓರೆಯೇ ಮುಖ್ಯ, ಸೂರ್ಯನ ದೂರ ಅಲ್ಲ. ಭೂಮಿ ಸೂರ್ಯನಿಗೆ ತೀರಾ ಹತ್ತಿರ ಇರುವುದು ಜನವರಿ ಮೊದಲಲ್ಲಿ, ಆಗ ಉತ್ತರಾರ್ಧಗೋಳದಲ್ಲಿ ಚಳಿಗಾಲ.

ಮಜಾ ಏನೆಂದರೆ, ಕ್ಲೈಮೇಟ್ ಪದದ ಬೇರು ಗ್ರೀಕಿನ ‘ಕ್ಲಿಮಾ’. ಓರೆ, ವಾಲಿಕೆ ಅಂತ ಅದರ ಅರ್ಥ. ಹಳೆಯ ಗ್ರೀಕರು ಅಕ್ಷಾಂಶದ ಪಟ್ಟಿಗಳನ್ನೇ ಹಾಗೆ ಕರೆದರು. ಅವರ ಪದದಲ್ಲಿ ಓರೆ ಇದೆ, ನಮ್ಮ ವಾಯುಗುಣದಲ್ಲೂ ಹವಾಮಾನದಲ್ಲೂ ಗಾಳಿ ಇದೆ. ಅವರದು ಕಾರಣ ಹಿಡಿಯಿತು, ನಮ್ಮದು ಪರಿಣಾಮ ಹಿಡಿಯಿತು ಅಲ್ವಾ? ಸಮಭಾಜಕದ ಹತ್ತಿರ ಕಾದ ಗಾಳಿ ಮೇಲೇಳುತ್ತದೆ, ಮಳೆ ಸುರಿಸಿ ಒಣಗಿ, 30 ಡಿಗ್ರಿಯ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಸಹಾರಾದಂಥ ಮರುಭೂಮಿಗಳು ಇರುವುದು ಅಲ್ಲೇ. ಆ ಗಾಳಿ ನೆಲದ ಮೇಲೆ ಮತ್ತೆ ಸಮಭಾಜಕದ ಕಡೆ ಬೀಸುತ್ತದೆ. ಅದು ಪಶ್ಚಿಮಕ್ಕೆ ವಾಲುವುದು ಯಾಕೆ ಅನ್ನುವುದಕ್ಕೆ ಭೂಮಿಯ ತಿರುಗಾಟವನ್ನು ಸೇರಿಸಿ 1735ರಲ್ಲಿ ವಿವರಣೆ ಕೊಟ್ಟವನು ಇಂಗ್ಲೆಂಡಿನ ಹವ್ಯಾಸಿ ಹವಾಮಾನ ತಜ್ಞ ಜಾರ್ಜ್ ಹ್ಯಾಡ್ಲಿ.

ಈ ಗಾಳಿಗೆ ಪಠ್ಯಗಳಲ್ಲಿ ‘ವಾಣಿಜ್ಯ ಮಾರುತ’ ಅಂತಿದೆ. ಅದೂ ಎಡವಿದ ಪದ. ಇಂಗ್ಲಿಷಿನಲ್ಲಿ ಇದು ‘ಟ್ರೇಡ್ ವಿಂಡ್’, ಆದರೆ ‘ಟ್ರೇಡ್’ ಇಲ್ಲಿ ವ್ಯಾಪಾರವಲ್ಲ. ಹಳೆಯ ಬಳಕೆಯಲ್ಲಿ ಅದಕ್ಕೆ ಜಾಡು, ದಾರಿ ಅನ್ನುವ ಅರ್ಥವಿತ್ತು. ಒಂದೇ ಜಾಡಿನಲ್ಲಿ ಬೀಸುವ ಗಾಳಿ. ‘ಜಾಡುಗಾಳಿ’ ಅನ್ನಬಹುದಿತ್ತೇನೋ, ಈಗ ತಡವಾಯಿತು.

ಸದ್ಯಕ್ಕೆ ಸಾಲನ್ನು ಹೀಗೆ ತಿದ್ದಿದ್ದೇನೆ: ‘ಭೂಮಿ ಎಲ್ಲ ಕಡೆ ಒಂದೇ ಹದಕ್ಕೆ ಕಾಯುವುದಿಲ್ಲ. ಅದರಿಂದಲೇ ಗಾಳಿ ಬೀಸುತ್ತದೆ. ದಿನದಿನದ ಹವಾಮಾನವೂ ವರ್ಷಗಟ್ಟಲೆಯ ವಾಯುಗುಣವೂ ಹಾಗೆಯೇ ರೂಪುಗೊಳ್ಳುತ್ತವೆ.’

ಎರಡು ಅನುಮಾನ ಉಳಿದಿವೆ. ‘ಹದ’ ಅಂದರೆ ಸರಿಯಾದ ಪಾಕ ಅನ್ನುವ ಛಾಯೆ ಬರುತ್ತದೆ, ಮಕ್ಕಳು ಹಾಗೆ ಓದಿಕೊಂಡಾರೇ? ಮತ್ತೆ, ಪಾಠದ ತಲೆಬರಹಕ್ಕೆ ಇಡೀ ವಾಕ್ಯ ಕೂರುವುದಿಲ್ಲ, ಒಂದೆರಡು ಪದ ಬೇಕು. ‘ಸಮವಲ್ಲದ ಕಾವು’ ಅಂತ ಬರೆದಿಟ್ಟಿದ್ದೇನೆ. ಕಿವಿಗೆ ಹಿತವಾಗಿಲ್ಲ. ನೀವಾದರೆ ಏನು ಹಾಕುತ್ತಿದ್ದಿರಿ?