ಮುಪ್ಪಿನ ನಕ್ಷತ್ರದ ‘ಡ್ರೆಜ್-ಅಪ್’: ‘ಹೂಳೆತ್ತುವಿಕೆ’ ಸರಿಯೇ, ‘ತೋಡಿಕೆ’ ಒಗ್ಗೀತೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕೆಂಪು ದೈತ್ಯ ನಕ್ಷತ್ರಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಡ್ರೆಜ್-ಅಪ್’ ಎಂಬ ಖಗೋಳಜ್ಞರ ಮಾತಿಗೆ ಏನೆನ್ನಬೇಕು? ನಕ್ಷತ್ರದ ಆಳದ ದ್ರವ್ಯ ಕಲಕಿ ಮೇಲ್ಮೈಗೆ ಬರುವುದಕ್ಕೆ ಅವರು ಇಟ್ಟ ಹೆಸರದು. ಬಂದರು, ಕೆರೆಗಳ ಸುದ್ದಿಯಲ್ಲಿ ‘ಹೂಳೆತ್ತುವುದು’ ಎಂಬ ಬಳಕೆ ಗಟ್ಟಿಯಾಗಿ ನೆಲೆಗೊಂಡಿದೆ. ಅದನ್ನೇ ನಕ್ಷತ್ರಕ್ಕೂ ಹಚ್ಚಿದರೆ ಅರ್ಥ ಅಡ್ಡದಾರಿ ಹಿಡಿಯುತ್ತದೆ ಎಂದು ನನಗೆ ಅನಿಸುತ್ತದೆ. ಹೂಳು ಹೊರಗಿನಿಂದ ಹರಿದುಬಂದು ತಳದಲ್ಲಿ ಕೂತದ್ದು, ಬೇಡವಾದದ್ದು. ನಕ್ಷತ್ರದಲ್ಲಿ ಮೇಲೆ ಬರುವುದು ಅದರ ಒಡಲಲ್ಲೇ ಹುಟ್ಟಿದ ಧಾತುಗಳು. ಅವು ಬರುವ ಬಗೆಯೂ ಬೇರೆ.

ನಡುವಿನ ಹೈಡ್ರೋಜನ್ ತೀರಿದ ಮೇಲೆ ನಕ್ಷತ್ರ ಉಬ್ಬುತ್ತದೆ, ಮೇಲ್ಮೈ ತಣಿಯುತ್ತದೆ. ಬಿಸಿ ಅನಿಲ ಏರಿ ತಣಿದ ಅನಿಲ ಇಳಿಯುವ ಸಂವಹನ ವಲಯ ಒಳಕ್ಕೆ ಚಾಚಿಕೊಳ್ಳುತ್ತಾ, ಹಿಂದೆ ಕಾರ್ಬನ್ ನೈಟ್ರೋಜನ್ ಆಗಿ ಮಾರ್ಪಟ್ಟಿದ್ದ ಪದರವನ್ನು ಮುಟ್ಟುತ್ತದೆ. ಅಲ್ಲಿನ ದ್ರವ್ಯ ಮೇಲ್ಮೈವರೆಗೂ ಹರಡುತ್ತದೆ. ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ನಕ್ಷತ್ರದ ಬೆಳಕಿನಲ್ಲಿ, ಕಾರ್ಬನ್ ಇಳಿದು ನೈಟ್ರೋಜನ್ ಏರಿರುವುದು ಕಾಣುತ್ತದೆ. ಕಾರ್ಬನ್-12, ಕಾರ್ಬನ್-13 ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು. ಸೂರ್ಯನಲ್ಲಿ ಒಂದು ಕಾರ್ಬನ್-13ಕ್ಕೆ ಸುಮಾರು 90 ಕಾರ್ಬನ್-12 ಇದ್ದರೆ, ಇಂಥ ದೈತ್ಯದಲ್ಲಿ ಅದು 20–30ಕ್ಕೆ ಕುಸಿದಿರುತ್ತದೆ. ಅಂದರೆ ತಳ ತಾನಾಗಿ ಮೇಲೇಳುವುದಿಲ್ಲ. ಕಲಕುವ ವಲಯವೇ ಕೆಳಗಿಳಿದು ಅದನ್ನು ತಲುಪುತ್ತದೆ.

ಹಾಗಾಗಿ ನನ್ನ ಒಲವು ‘ತೋಡು’ ಕ್ರಿಯಾಪದದ ಕಡೆಗೆ. ಬಾವಿ ತೋಡುವಾಗ ಅದು ಆಳಕ್ಕೆ ಇಳಿಯುವುದನ್ನು ಹೇಳುತ್ತದೆ. ಅಳಲು ತೋಡಿಕೊಳ್ಳುವಾಗ ಒಳಗಿದ್ದದ್ದು ಹೊರಗೆ ಕಾಣಿಸಿಕೊಳ್ಳುವುದನ್ನು ಹೇಳುತ್ತದೆ. ನಮಗೆ ಬೇಕಾದ ಎರಡೂ ಅರ್ಥಗಳು ಒಂದೇ ಕ್ರಿಯಾಪದದಲ್ಲಿ ಇವೆ. ‘ಮೊಗೆತ’ವನ್ನೂ ಯೋಚಿಸಿದೆ, ಅದರಲ್ಲಿ ಎತ್ತುವುದಿದೆ, ಇಳಿಯುವುದು ಅಷ್ಟಾಗಿ ಇಲ್ಲ. ‘ಮಥನ’ ಕೇಳಲು ಗಂಭೀರವಾಗಿದೆ, ಆದರೆ ಪುರಾಣದ ನೆನಪು ವಿಜ್ಞಾನವನ್ನು ಮರೆಮಾಡುತ್ತದೆ.

ಇನ್ನೊಂದು ತೊಡಕು ಸಂಖ್ಯೆಯದು. ಮೊದಲನೆಯ, ಎರಡನೆಯ, ಮೂರನೆಯ ಡ್ರೆಜ್-ಅಪ್ ಎಂದು ಕರೆಯುವ ರೂಢಿ ಇದೆ. ಎರಡನೆಯದು ಸೂರ್ಯನ ಸುಮಾರು ನಾಲ್ಕು ಪಟ್ಟಿಗಿಂತ ಹೆಚ್ಚು ದ್ರವ್ಯರಾಶಿಯ ನಕ್ಷತ್ರಗಳಲ್ಲಿ ಮಾತ್ರ ನಡೆಯುತ್ತದೆ. ಮೂರನೆಯದು ಎರಡನೆಯದಿಲ್ಲದೆಯೂ ಬರಬಹುದು, ಬಂದರೆ ಹೀಲಿಯಂ ಪದರದ ಉಷ್ಣ ಸ್ಪಂದನಗಳ (ಆ ಪದರ ಆಗಾಗ ಭುಗಿಲೆದ್ದು ಉರಿಯುವುದರ) ಬೆನ್ನಿಗೆ ಮತ್ತೆ ಮತ್ತೆ ಬರಬಹುದು. ‘ಮೂರನೆಯ ತೋಡಿಕೆ’ ಎಂದರೆ ಓದುಗರು ಮೂರನೆಯ ಸಲ ಎಂದೇ ತಿಳಿಯುತ್ತಾರೆ. ‘ಮೂರನೆಯ ಬಗೆಯ ತೋಡಿಕೆ’ ಎಂದು ಒಂದು ಪದ ಹೆಚ್ಚು ಬರೆಯುವುದೇ ಮೇಲು.

ಈ ಮೂರನೆಯ ಬಗೆಯೇ ಎಲ್ಲಕ್ಕಿಂತ ಬೆರಗಿನದು. ಮೇಲ್ಮೈಯಲ್ಲಿ ಕಾರ್ಬನ್ ಪರಮಾಣುಗಳು ಆಕ್ಸಿಜನ್ ಪರಮಾಣುಗಳನ್ನು ಮೀರಿದರೆ ನಕ್ಷತ್ರ ‘ಕಾರ್ಬನ್ ನಕ್ಷತ್ರ’ವಾಗುತ್ತದೆ. ಜೊತೆಗೆ ನಿಧಾನ ನ್ಯೂಟ್ರಾನ್ ಸೆರೆಯಿಂದ (ಪರಮಾಣು ಬೀಜಗಳು ಒಂದೊಂದಾಗಿ ನ್ಯೂಟ್ರಾನ್ ಹಿಡಿದು ಭಾರವಾಗುವುದರಿಂದ) ಹುಟ್ಟಿದ ಜಿರ್ಕೋನಿಯಂ, ಬೇರಿಯಂಗಳೂ ಮೇಲೆ ಬರುತ್ತವೆ. 1952ರಲ್ಲಿ ಖಗೋಳಜ್ಞ ಪಾಲ್ ಮೆರಿಲ್ ಇಂಥ ಕೆಲವು ನಕ್ಷತ್ರಗಳಲ್ಲಿ ಟೆಕ್ನೀಶಿಯಂ ಗುರುತಿಸಿದರು. ಆ ಧಾತುವಿಗೆ ಸ್ಥಿರ ಸಮಸ್ಥಾನಿಯೇ (ಕ್ಷಯಿಸದೆ ಉಳಿಯುವ ಪರಮಾಣು ರೂಪವೇ) ಇಲ್ಲ. ಇಲ್ಲಿ ಹುಟ್ಟುವ ಟೆಕ್ನೀಶಿಯಂ-99ರ ಅರ್ಧಾಯು ಸುಮಾರು 2.1 ಲಕ್ಷ ವರ್ಷ. ನಕ್ಷತ್ರದ ವಯಸ್ಸಿನ ಮುಂದೆ ಅದು ಏನೂ ಅಲ್ಲ. ಅಂದಮೇಲೆ ಅದು ಅಲ್ಲೇ, ಇತ್ತೀಚೆಗೆ ಹುಟ್ಟಿ ಮೇಲೆ ಬಂದಿರಬೇಕು. ‘ಹೂಳು’ ಎಂಬ ಪದ ನನಗೆ ಒಪ್ಪಿಗೆಯಾಗದಿರುವುದು ಮುಖ್ಯವಾಗಿ ಇದಕ್ಕೇ: ಹೂಳಿಗೆ ಹಳತಿನ ವಾಸನೆ ಇದೆ, ಇದು ಹೊಸತು.

ತೋಡಿಕೆಯೊಂದರಿಂದಲೇ ಎಲ್ಲವೂ ತಿಳಿಯುವುದಿಲ್ಲ. ಸ್ವಾತಿ ನಕ್ಷತ್ರದಲ್ಲಿ ಒಂದು ಕಾರ್ಬನ್-13ಕ್ಕೆ ಇರುವ ಕಾರ್ಬನ್-12ರ ಸಂಖ್ಯೆ 10ಕ್ಕಿಂತಲೂ ಕೆಳಗಿದೆ. ಸಂವಹನ ವಲಯದ ಕೆಳಗೂ ಯಾವುದೋ ನಿಧಾನದ ಚಲನೆ ಇರಬೇಕು. ಮುಂದಿಟ್ಟಿರುವ ವಿವರಣೆಗಳಲ್ಲಿ ಒಂದರ ಹೆಸರು ‘ಥರ್ಮೊಹೇಲೈನ್’. ಎರಡು ಹೀಲಿಯಂ-3 ಪರಮಾಣು ಬೀಜಗಳು ಸೇರಿ ಒಂದು ಹೀಲಿಯಂ-4, ಎರಡು ಪ್ರೋಟಾನ್ ಆದಾಗ ಕಣಗಳ ಸಂಖ್ಯೆ ಹೆಚ್ಚಿ ಸರಾಸರಿ ತೂಕ ಇಳಿಯುತ್ತದೆ. ಮೇಲಿನ ದ್ರವ್ಯ ತುಸು ಭಾರವೆನಿಸಿ ಸಣ್ಣ ಎಳೆಗಳಾಗಿ ಕೆಳಗಿಳಿಯುತ್ತದೆ. ಸಾಗರವಿಜ್ಞಾನದಿಂದ ಬಂದ ಈ ಹೆಸರನ್ನು ‘ಉಷ್ಣಲವಣ ಮಿಶ್ರಣ’ ಎಂದು ಅಕ್ಷರಶಃ ಮಾಡಿದರೆ ನಕ್ಷತ್ರದೊಳಗೆ ಇಲ್ಲದ ಉಪ್ಪನ್ನು ಓದುಗರು ಹುಡುಕಬೇಕಾಗುತ್ತದೆ. ನೀರು ಇಂಗುವಂತೆ ಇಳಿದು ಬೆರೆಯುವುದು ಎಂಬ ಅರ್ಥದಲ್ಲಿ ‘ಇಂಗುಬೆರೆತ’ ಎನ್ನಬಹುದೇ? ‘ಮಿಶ್ರಣ’ ಬೆರೆತ ವಸ್ತುವನ್ನೂ ಸೂಚಿಸುತ್ತದೆ, ‘ಬೆರಕೆ’ಗೆ ಕಲಬೆರಕೆಯ ಕಳಂಕ ಅಂಟಿದೆ.

ಪತ್ರಿಕೆಗಳಲ್ಲಿ ‘ಸಂವಹನ’ ಎಂದರೆ ಮಾತುಕತೆ, ಮಾಧ್ಯಮ. ಶಾಲಾ ವಿಜ್ಞಾನದಲ್ಲಿ ಅದು ವಹನ, ವಿಕಿರಣಗಳ ಜೊತೆಗಾರ. ಇಲ್ಲಿ ಶಾಲೆಯ ಅರ್ಥವನ್ನೇ ಉಳಿಸಿಕೊಳ್ಳೋಣ, ಮೊದಲ ಬಳಕೆಯಲ್ಲಿ ಬಿಡಿಸಿ ಹೇಳಿದರೆ ಸಾಕು.

ಬಲ್ಲವರಲ್ಲಿ ಎರಡು ಪ್ರಶ್ನೆ. ಕರಾವಳಿಯಲ್ಲಿ ‘ತೋಡು’ ಎಂದರೆ ಸಣ್ಣ ಹಳ್ಳ. ಅಲ್ಲಿನ ಓದುಗರಿಗೆ ‘ತೋಡಿಕೆ’ ಹರಿಯುವ ನೀರನ್ನು ನೆನಪಿಸುತ್ತದೆಯೇ? ಮತ್ತು ನಾಮಪದವಾಗಿ ‘ತೋಡಿಕೆ’, ‘ತೋಡುವಿಕೆ’ಗಳಲ್ಲಿ ಯಾವುದು ನಿಮ್ಮ ಕಿವಿಗೆ ಸಹಜವಾಗಿ ಕೇಳಿಸುತ್ತದೆ?