ನಕ್ಷೆ ನೋಡಿ ಸರಳರೇಖೆಯ ಸಮೀಕರಣ: ನಿಮ್ ಮನ್ಯಾಗ ಹ್ಯಾಂಗ ಕಲಿಸಿದ್ರಿ?

ಕಲಬುರಗಿ ತಾಯಿ: ಮಗಳು ಪಿಯು ಮೊದಲ ವರ್ಷ, ಸೈನ್ಸ್. ನಕ್ಷೆ ಕೊಟ್ಟು ಸಮೀಕರಣ ಬರಿ ಅಂದ್ರ ಎಡವ್ತಾಳ. ಗೆರೆ (2, 0), (5, 6) ಮ್ಯಾಲ ಹಾದಿತ್ತು. ಈಕಿ ವೈ = ಎಕ್ಸ್ − 4 ಬರದಾಳ, ಉತ್ತರ ವೈ = 2ಎಕ್ಸ್ − 4. ಟ್ಯೂಷನ್ ಹಚ್ಲೋ, ಮನ್ಯಾಗ ಕಲಿಸ್ಲೋ? ಅನುಭವ ಇದ್ದವ್ರು ಹೇಳ್ರಿ.

ಸೇಡಂ ಅಪ್ಪ: ಟ್ಯೂಷನ್ ಮಾತು ತೆಗೀಬ್ಯಾಡ್ರಿ ಅಕ್ಕಾರ. ನಮ್ ಹುಡುಗಗ ಕಲಬುರಗ್ಯಾಗ ಹಚ್ಚಿದ್ದೆ. ಫೀ 38,000. ಪುಸ್ತಕಕ್ಕ ಅಂತ ಮತ್ತ 4,500. ರೂಮಿಗೆ ತಿಂಗಳಿಗೆ 3,200, ಮೆಸ್ ಬ್ಯಾರೆ. ಗ್ರಾಫ್ ಹಾಳಿ ಸೈತ ನಾವೇ ಕೊಡಿಸಿದ್ವಿ! ಇಷ್ಟಾಗಿ ಕಲಿಸಿದ್ದು ಒಂದೇ ಸೂತ್ರ: ಎಕ್ಸ್/ಎ + ವೈ/ಬಿ = 1. ಎ ಅಂದ್ರ ಗೆರೆ ಎಕ್ಸ್ ಅಕ್ಷ ಕಡಿಯೋ ಜಾಗ, ಬಿ ಅಂದ್ರ ವೈ ಅಕ್ಷ ಕಡಿಯೋ ಜಾಗ. ಪರೀಕ್ಷಾದಾಗ ಗೆರೆ ಮೂಲಬಿಂದುವಿನ ಮ್ಯಾಲೇ ಹಾದಿತ್ತು. ಎ, ಬಿ ಎರಡೂ ಸೊನ್ನಿ. ಸೊನ್ನಿಲೆ ಭಾಗಿಸೋದು ಹ್ಯಾಂಗ? ಪ್ರಶ್ನೆನೇ ತಪ್ಪದ ಅಂತ ಬಿಟ್ಟು ಬಂದ.

ಬೀದರ್ ಲೆಕ್ಕದ ಮೇಷ್ಟ್ರು: ಸೂತ್ರಕ್ಯಾಕ ಬೈತೀರಿ? ಎರಡೂ ಅಕ್ಷ ಬ್ಯಾರೆ ಬ್ಯಾರೆ ಜಾಗದಾಗ ಕಡಿಯೋ ಗೆರಿಗೆ ಅದರಷ್ಟು ಲಗೂ ಯಾವುದೂ ಇಲ್ಲ. ಅಕ್ಕಾರ ಗೆರಿಗೆ ಎ = 2, ಬಿ = −4 ಹಾಕಿದ್ರ 2ಎಕ್ಸ್ − ವೈ = 4, ಒಂದೇ ಸಾಲು. ಸಿಇಟಿ ಲೆಕ್ಕದ ಪೇಪರಿನ್ಯಾಗ 60 ಪ್ರಶ್ನೆಗೆ 80 ನಿಮಿಷ, ಲಗೂ ಮಾಡಬೇಕಲ್ಲ. ನನ್ನ ಹತ್ರ ಕಲ್ತ ಮಕ್ಕಳು ಇವತ್ತ ಇಂಜಿನಿಯರ್ ಆಗ್ಯಾರ.

ಆಳಂದ ಹುಡುಗ: ಅಷ್ಟೆಲ್ಲಾ ಯಾಕ ಸರ್? ಬಾಕ್ಸ್ ಎಣಿಸಬೇಕು. ಎಷ್ಟು ಬಲಕ್ಕ, ಎಷ್ಟು ಮ್ಯಾಲಕ್ಕ ನೋಡಿ, ಮ್ಯಾಲಿಂದನ್ನ ಬಲಗಡೀದ್ರಿಂದ ಭಾಗಿಸಿದ್ರ ಇಳಿಜಾರು. ಮುಗೀತು. ನಾ ಟ್ಯೂಷನ್ ಮುಖ ನೋಡಿಲ್ಲ.

ಶಹಾಪುರ ಬಿಎಸ್ಸಿ: ಬಾಕ್ಸ್ ಎಣಿಸಿ ಎಣಿಸಿ ನಮ್ ಬ್ಯಾಚಿನ ಅರ್ಧ ಮಂದಿ ಲ್ಯಾಬಿನ್ಯಾಗ ಮುಳುಗ್ಯಾರ. ಸ್ಕೇಲ್ ನೋಡೋರು ಯಾರು, ನಿಮ್ಮಪ್ಪನಾ? ಸೆಲ್ಸಿಯಸ್–ಫ್ಯಾರನ್‌ಹೀಟ್ ನಕ್ಷೆದಾಗ ಅಡ್ಡ ಅಕ್ಷ 20ರಿಂದ ಶುರು ಮಾಡಿದ್ವಿ. ಗೆರೆ ಎಡಗಡೆ ಅಂಚಿಗೆ 68ಕ್ಕ ಮುಟ್ಟಿತ್ತು, ಎಲ್ಲಾರೂ ಅದನ್ನೇ ವೈ = ಎಮ್‌ಎಕ್ಸ್ + ಸಿ (ಎಮ್ ಅಂದ್ರ ಇಳಿಜಾರು) ಸೂತ್ರದ ಸಿ ಅಂತ ಬರದ್ರು. ಖರೇ ಸಿ 32, ಯಾಕಂದ್ರ ಅದನ್ನ ಓದೋದು ಎಕ್ಸ್ ಸೊನ್ನಿ ಇದ್ದಲ್ಲಿ. ರೆಕಾರ್ಡ್ ಪೂರಾ ವಾಪಸ್. ನಾ ಒಬ್ಬಾಕಿ ಎರಡು ಬಿಂದು ತಗೊಂಡು, ಸೆಲ್ಸಿಯಸ್ 100 ಏರಿದ್ರ ಫ್ಯಾರನ್‌ಹೀಟ್ 180 ಏರ್ತದಂತ ಇಳಿಜಾರು 180/100 ಮಾಡಿದ್ದೆ, ನಂದು ಉಳೀತು.

ಆಳಂದ ಹುಡುಗ: ಅಪ್ಪನ ಸುದ್ದಿಗೆ ಬರಬ್ಯಾಡ್ರಿ ಮೇಡಂ.

ಕಲಬುರಗಿ ತಾಯಿ: ಸ್ಕೇಲ್ ಅಂದ್ರಲ್ಲ, ಈಕಿ ಹಾಳ್ಯಾಗ ಎಕ್ಸಿಗೆ ಒಂದು ಚೌಕ 1, ವೈಗೆ ಒಂದು ಚೌಕ 2 ಅಂತ ಅದ. ಇಳಿಜಾರು 2ರ ಬದಲು 1 ಬಂದಿದ್ದು ಅದಕ್ಕೇ ಇರಬೌದಾ?

ಸೇಡಂ ಅಪ್ಪ: ಮೇಷ್ಟ್ರ, ನೆಟ್ಟಗ ನಿಂತ ಗೆರೆ ಬಂದ್ರ ನಿಮ್ ಸೂತ್ರ ಏನ್ ಮಾಡ್ತದ?

ಬೀದರ್ ಲೆಕ್ಕದ ಮೇಷ್ಟ್ರು: ಅದಕ್ಕ ಇಳಿಜಾರೇ ಇಲ್ಲ, ಎಕ್ಸ್ = 4 ಅಂತ ಬರೀಬೇಕು. ಯಾವ ಸೂತ್ರನೂ ಬ್ಯಾಡ. ಅಷ್ಟೂ ಗೊತ್ತಿಲ್ದ 38,000 ಸುರದ್ರಿ? ಹೆಂಗೂ ಕಲ್ಯಾಣ ಕರ್ನಾಟಕದವ್ರಿಗೆ ಸೀಟು ಮೀಸಲಿಡೋ 371 ಜೆ ಅದಲ್ಲ, ಸೀಟು ಸಿಗ್ತಾವ ಬಿಡ್ರಿ.

ಸೇಡಂ ಅಪ್ಪ: 371 ಜೆ ನಿಮ್ ಬೀದರಿಗೂ ಅದ ಸ್ವಾಮಿ! ನಿಮ್ ಇಂಜಿನಿಯರ್ ಮಕ್ಕಳು ಅದರ ಸರ್ಟಿಫಿಕೇಟ್ ಕೊಡದೇ ಸೀಟ್ ತಗೊಂಡ್ರಾ? ಮೊದಲ ಅದನ್ನ ಹೇಳ್ರಿ.