ಲ್ಯಾಪ್‌ಟಾಪಲ್ಲಿ ಓಡುವ ಡಿವಿಡಿ ಅಜ್ಜಿ ಮನೆಯಲ್ಲಿ ಓಡ್ತಿಲ್ಲ

ಅಡಿಕೆತೋಟ: ತಂಗಿ ಮದುವೆಯನ್ನು ಫೋನಲ್ಲಿ ತೆಗೆದಿದ್ದೆ, ಒಟ್ಟು 2 ಗಂಟೆ. ಶಿರಸಿ ಹತ್ತಿರದ ಅಜ್ಜಿ ಮನೆಗೆ ಅಂತ ಡಿವಿಡಿಗೆ ಹಾಕಿದೆ. ಅಲ್ಲಿನ ಹಳೇ ಪ್ಲೇಯರ್ ಗರಗರ ಸದ್ದು ಮಾಡಿ ಕೊನೆಗೆ ‘ನೋ ಡಿಸ್ಕ್’ ಅನ್ನುತ್ತದೆ. ನನ್ನ ಲ್ಯಾಪ್‌ಟಾಪಲ್ಲಿ ಅದೇ ಡಿಸ್ಕ್ ಚೆನ್ನಾಗಿ ಓಡುತ್ತದೆ. ಮೂರು ಡಿಸ್ಕ್ ಹಾಳಾಯ್ತು. ಡಿಸ್ಕೇ ಸರಿ ಇಲ್ವಾ?

ಟೇಪ್‌ಪ್ರೇಮಿ: ಡಿಸ್ಕಿಗೆ ಬೈಯೋದು ಆಮೇಲೆ. ಅದನ್ನು ಲ್ಯಾಪ್‌ಟಾಪಲ್ಲಿ ತೆರೆದರೆ ಒಳಗೆ ಏನು ಕಾಣುತ್ತದೆ?

ಅಡಿಕೆತೋಟ: ನಾಲ್ಕು ಎಂಪಿ4 ಫೈಲ್. ಎಳೆದು ಹಾಕಿ ಬರ್ನ್ ಒತ್ತಿದೆ, ಅಷ್ಟೆ.

ಟೇಪ್‌ಪ್ರೇಮಿ: ಅಲ್ಲೇ ಎಡವಟ್ಟಾಗಿದ್ದು. ಅದು ಬರೀ ಡೇಟಾ ಡಿಸ್ಕ್, ಪೆನ್‌ಡ್ರೈವ್ ಇದ್ದ ಹಾಗೆ. ಹಳೇ ಪ್ಲೇಯರಿಗೆ ಎಂಪಿ4 ಅಂದರೆ ಗೊತ್ತೇ ಇಲ್ಲ. ಅದು ಹುಡುಕೋದು ‘ವಿಡಿಯೊ_ಟಿಎಸ್’ ಅನ್ನುವ ಫೋಲ್ಡರ್, ಅದರೊಳಗೆ ಎಂಪೆಗ್-2 ವಿಡಿಯೊ. ನಮ್ಮ ದೇಶದ್ದು ಪಾಲ್ ಅನ್ನುವ ಟಿವಿ-ಡಿವಿಡಿ ಪದ್ಧತಿ: 720 × 576, ಸೆಕೆಂಡಿಗೆ 25 ಫ್ರೇಮ್.

ಡಿವಿಡಿ ತಯಾರಿಸುವ ಸಾಫ್ಟ್‌ವೇರ್ ಡಿವಿಡಿಸ್ಟೈಲರ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಪ್ರಾಜೆಕ್ಟ್ ಶುರು ಮಾಡುವಾಗ ಪಾಲ್ ಆರಿಸಿ. 4.7 ಜಿಬಿ ಡಿಸ್ಕಲ್ಲಿ 2 ಗಂಟೆ ಹಿಡಿಸಬೇಕು ಅಂದರೆ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬಳಸುವ ಡೇಟಾ, 4,500 ಕೆಬಿಪಿಎಸ್ ಆಸುಪಾಸು ಇರಲಿ. ಹೂವಿನ ಮೆನು ಗಿನು ಬೇಡ. ಅಜ್ಜಿ ಹಾಕಿದ ಕೂಡಲೇ ಓಡಬೇಕು, ಅಲ್ವಾ?

ಇನ್ನೊಂದು ಡಿಸ್ಕ್ ದಂಡ ಮಾಡಬೇಡಿ. ಮೊದಲು ಐಎಸ್‌ಒ ಫೈಲ್ (ಇಡೀ ಡಿಸ್ಕನ್ನೇ ಒಂದು ಫೈಲಾಗಿ) ಮಾಡಿ ಲ್ಯಾಪ್‌ಟಾಪಿನ ವಿಎಲ್‌ಸಿ ಪ್ಲೇಯರಲ್ಲಿ ನೋಡಿ.

ಹಳೇಸಿಡಿ: ಇಷ್ಟೆಲ್ಲ ಯಾಕೆ? ಪ್ಲೇಯರ್ ಮುಂದೆ ಯುಎಸ್‌ಬಿ ತೂತು ಇಲ್ವಾ?

ಅಡಿಕೆತೋಟ: ಇದೆ, ನೋಡಿದ್ದೂ ಆಯ್ತು. ಫೈಲ್ ಹೆಸರು ತೋರಿಸುತ್ತೆ, ಓಡಿಸಲ್ಲ.

ಟೇಪ್‌ಪ್ರೇಮಿ: ಆ ಕಾಲದ ಯುಎಸ್‌ಬಿ ಪ್ಲೇಯರ್‌ಗಳಿಗೆ ಹೆಚ್ಚಾಗಿ ಡಿವ್‌ಎಕ್ಸ್ ಎವಿಐ ಅನ್ನುವ ಹಳೇ ಬಗೆಯ ವಿಡಿಯೊ ಫೈಲ್ ಮಾತ್ರ ಗೊತ್ತು.

ಅಡಿಕೆತೋಟ: ಐಎಸ್‌ಒ ಮಾಡಿ ನೋಡಿದೆ. ಶುರುವಲ್ಲಿ ಸರಿ ಇದೆ, ಬರ್ತಾ ಬರ್ತಾ ಧ್ವನಿ ಹಿಂದೆ ಬೀಳುತ್ತದೆ. ತಾಳಿ ಕಟ್ಟಿ, ಅಕ್ಷತೆ ಬಿದ್ದು, ಎಲ್ಲರೂ ಕೂತ ಮೇಲೆ ಗಟ್ಟಿಮೇಳ ಕೇಳಿಸ್ತಿದೆ!

ಟೇಪ್‌ಪ್ರೇಮಿ: ಹಹ್ಹ! ಫೋನ್ ವಿಡಿಯೊದ ಹಳೇ ಚಾಳಿ ಅದು. ಬೆಳಕು ಕಮ್ಮಿಯಾದರೆ ಫೋನು ಫ್ರೇಮ್ ಕಮ್ಮಿ ಮಾಡುತ್ತದೆ, ಲೆಕ್ಕ ಏರುಪೇರಾಗುತ್ತದೆ. ನಾಲ್ಕೂ ಫೈಲನ್ನು ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಬದಲಿಸುವ ಸಾಫ್ಟ್‌ವೇರಿಗೆ ಕೊಡಿ. ಅಲ್ಲಿ 25 ಫ್ರೇಮ್, ‘ಕಾನ್‌ಸ್ಟಂಟ್’ (ಉದ್ದಕ್ಕೂ ಒಂದೇ ಸಮ) ಅಂತ ಆರಿಸಿ. ಬಂದದ್ದನ್ನು ಡಿವಿಡಿಸ್ಟೈಲರಿಗೆ ಹಾಕಿ. ಹ್ಯಾಂಡ್‌ಬ್ರೇಕ್ ಒಂದರಿಂದಲೇ ಡಿವಿಡಿ ಆಗಲ್ಲ, ಸುಮ್ನೆ ಹುಡುಕಬೇಡಿ. ಬರ್ನ್ ಮಾಡುವಾಗ 4 ಎಕ್ಸ್ ವೇಗ ಸಾಕು. ಹಳೇ ಪ್ಲೇಯರಿಗೆ ಡಿವಿಡಿ-ಆರ್ ಬಗೆಯ ಖಾಲಿ ಡಿಸ್ಕ್ ತಗೊಳ್ಳಿ, ಡಿವಿಡಿ+ಆರ್‌ಗಿಂತ ವಾಸಿ.

ಅಡಿಕೆತೋಟ: ಓಡ್ತು! ಗಟ್ಟಿಮೇಳ ಈಗ ಮುಹೂರ್ತಕ್ಕೆ ಸರಿಯಾಗಿ ಬರ್ತಿದೆ. ಅಜ್ಜಿ ಎರಡು ಸಲ ನೋಡಿದರಂತೆ. ಊಟದ ಪಂಕ್ತಿ ಯಾಕೆ ತೆಗೆದಿಲ್ಲ ಅಂತ ಫೋನಲ್ಲೇ ಬೈಸಿಕೊಂಡೆ.